ರಾಜನ ಗೊಂಬೆಗೆ ಮಾವನ ದನಿ

ಆಗಸ್ಟ್ ೧೪, ಶುಕ್ರವಾರ

ಅತ್ತೆ ಹಾಗೆ ಓಡಿ ಬಂದದ್ದು ಇನ್ನೂ ಕಣ್ಣಿಂದ ಹೋಗುತ್ತಿಲ್ಲ.

ಬೆಳಗ್ಗೆ ನನಗೆ ಎಷ್ಟು ಖುಷಿ! ಸೋಂಕಿನಿಂದ ಗೊಂಬೆಯಾಟ ನಿಂತುಹೋದ ತಂಡಗಳಿಗೆ ಸರ್ಕಾರ ತುರ್ತು ನೆರವು ಕೊಡುತ್ತದಂತೆ. ನಮ್ಮ ತಂಡಕ್ಕೆ ಇನ್ನೂ ಜೀವವಿದೆ ಎಂದು ತೋರಿಸಲು ಒಂದು ವಿಡಿಯೊ ಕಳಿಸಬೇಕು. ನೆರವು ಸಿಗದಿದ್ದರೆ ನನ್ನ ಗಂಡ (ಹೀಗೆ ಬರೆಯುವಾಗ ಈಗಲೂ ನಗು ಬರುತ್ತದೆ!) ಗೊಂಬೆಗಳನ್ನೆಲ್ಲ ಮಾರಿಬಿಡಬೇಕು. ನಡುಮನೆಯಲ್ಲೇ ಪರದೆ ಕಟ್ಟಿದೆವು. ಅದರ ಹಿಂದೆ ಇವನು ಎಷ್ಟು ಮುದ್ದಾಗಿ ಕಾಣುತ್ತಿದ್ದನೆಂದರೆ, ಮೊಬೈಲ್ ಹಿಡಿದ ನಾನು ಅವನನ್ನೇ ನೋಡುತ್ತ ಎರಡು ಸಲ ಗುಂಡಿ ಒತ್ತುವುದನ್ನೇ ಮರೆತೆ.

ರಾಜನ ಗೊಂಬೆಗೆ ಯಾವಾಗಲೂ ಮಾವನೇ ದನಿ ಕೊಡುತ್ತಿದ್ದರು. ಇದೇ ಸೋಂಕು ಅವರನ್ನು ಒಯ್ದಿತು. ಮುಖ ನೋಡಲೂ ಆಸ್ಪತ್ರೆಯವರು ಬಿಡಲಿಲ್ಲ. ಇವತ್ತು ಇವನು ದಾರ ಎಳೆದು ಬಾಯಿ ತೆರೆದ.

"ಯಾರಲ್ಲಿ?"

ಮಾವನದೇ ದನಿ! ಕಾಫಿ ಬೇಕಾದಾಗ ಅವರು ಮನೆಯಲ್ಲೂ ಹಾಗೇ ಕೂಗುತ್ತಿದ್ದರು.

"ಬಂದೆ, ಬಂದೆ! ಗಂಟಲು ಹರ್ಕೋಬೇಡಿ" ಎನ್ನುತ್ತ ಅತ್ತೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಓಡಿ ಬಂದರು. ಗೊಂಬೆಯನ್ನು ನೋಡಿದರು. ಆಮೇಲೆ ಮಗನನ್ನು.

"ತಪ್ಪಾಯ್ತಮ್ಮ, ಇದನ್ನ ಅಳಿಸ್ಬಿಡ್ತೀವಿ."

"ಸುಮ್ನಿರೋ. ಇದನ್ನೇ ಕಳ್ಸು. ಜೀವ ಇದೆಯಾ ಅಂತ ತಾನೇ ಅವ್ರು ಕೇಳಿರೋದು? ನನ್ ಫೋನಿಗೂ ಹಾಕು."

ಅದನ್ನೇ ಕಳಿಸಿದೆವು.

ಈಗ ಪಕ್ಕದ ಕೋಣೆಯಲ್ಲಿ ಅತ್ತೆ ಅದನ್ನು ಮತ್ತೆ ಮತ್ತೆ ಹಾಕಿಕೊಳ್ಳುತ್ತಿದ್ದಾರೆ. "ಯಾರಲ್ಲಿ?" ಎಂದಾಗಲೆಲ್ಲ ಮೆಲ್ಲಗೆ "ಬಂದೆ" ಎನ್ನುತ್ತಾರೆ. ಇವನೂ ನಿದ್ದೆ ಮಾಡಿಲ್ಲ. ಅದು ತನ್ನ ದನಿ ಎಂದು ಇವನಿಗೇ ನಂಬಿಕೆ ಬರುತ್ತಿಲ್ಲವಂತೆ. ದೀಪ ಆರಿಸು ಎನ್ನುತ್ತಿದ್ದಾನೆ. ನನಗೆ ಯಾಕೋ ಕತ್ತಲಲ್ಲಿ ಆ ದನಿ ಕೇಳಲು ಭಯ.