ತಂತಿಬಲೆಯ ಆಚೆ ಮೂರು ವಾರ

೧೨ ಮಾರ್ಚ್, ಭಾನುವಾರ

ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದ. ನೀನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಮೂರು ಕಾಗದ ಬಂದವು, ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ಶಾಲೆಯ ಸಮವಸ್ತ್ರ ಹೊಲಿಯುವುದಿತ್ತು, ನಿನ್ನ ಭಾವನ ಮಂಡಿನೋವು ಜಾಸ್ತಿಯಾಗಿತ್ತು, ಅದಿತ್ತು ಇದಿತ್ತು ಎಂದು ಬರೆಯಬಹುದು. ಬರೆದರೆ ನೀನು ನಂಬುತ್ತೀಯ ಕೂಡ, ಅದೇ ನಿನ್ನ ದೊಡ್ಡ ರೋಗ. ನಿಜವೇನೆಂದರೆ, ಪ್ರತಿ ಸಲವೂ ನಾಲ್ಕು ಸಾಲು ಬರೆದು ಹರಿದು, ಬಟ್ಟೆಯ ಚೂರುಗಳ ಜೊತೆ ಗುಡಿಸಿ ಹಾಕಿದ್ದೇನೆ.

ಬೇಕರಿಯಲ್ಲಿ ನಿನ್ನನ್ನು ಪ್ಯಾಕಿಂಗಿನಿಂದ ಕೌಂಟರಿಗೆ ಹಾಕಿದ್ದಾರೆ ಎಂದು ಓದಿ ಸಂತೋಷವಾಯಿತು. ದಿನವಿಡೀ ನಿಲ್ಲಬೇಕಲ್ಲ, ಆ ಸವೆದ ಚಪ್ಪಲಿಯನ್ನೇ ಎಳೆದಾಡಬೇಡ. ನಿನ್ನ ಮಗ ಗುಂಡನಿಗೆ ಎರಡು ಚಡ್ಡಿ ಹೊಲಿದಿದ್ದೆ. ನೀನು ಕಳಿಸಿದ ಫೋಟೋ ನೋಡಿದ ಮೇಲೆ ಸೊಂಟ ಬಿಚ್ಚಿ ಎರಡಿಂಚು ಹೆಚ್ಚಿಸಬೇಕಾಯಿತು. ಏನು ತಿನ್ನಿಸುತ್ತಿದ್ದೀಯೇ ಅವನಿಗೆ, ಅಂಗಡಿಯಲ್ಲಿ ಉಳಿದ ಬನ್ನನ್ನೆಲ್ಲಾನಾ?

ಇನ್ನು ಇಲ್ಲಿಯ ಸುದ್ದಿ. ಕೋಳಿಗಳದ್ದೇ. ನಗಬೇಡ.

ನೀವು ಹೋಗುವಾಗ ಹಿತ್ತಲಲ್ಲಿ ನಾಲ್ಕು ಕೋಳಿ ಉಳಿದಿದ್ದವಲ್ಲ, ಈಗಲೂ ಅವೇ ಇವೆ. ನಿನ್ನ ಮಗಳು ಚೂಟಿ 'ಯಜಮಾನಿ' ಎಂದು ಹೆಸರಿಟ್ಟಿದ್ದ ಕರೀ ಕೋಳಿಯದೇ ದರ್ಬಾರು. ಎರಡು ತಿಂಗಳ ಹಿಂದೆ ನಮ್ಮ ಹಿಂದಿನ ಬೀದಿಯ ಕಾಂಪೌಂಡರು ಒಂದು ತಾಯಿಕೋಳಿಯನ್ನೂ ಅದರ ಏಳು ಮರಿಗಳನ್ನೂ ಬುಟ್ಟಿಯಲ್ಲಿಟ್ಟುಕೊಂಡು ಬಂದರು. ಪಶು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದವರು ಅವರು. ಮಹಡಿ ಮೇಲಿನ ಮನೆಗೆ ವಾಸ ಬದಲಿಸುತ್ತಿದ್ದರು, ಅಲ್ಲಿ ಕೋಳಿ ಸಾಕುವ ಹಾಗಿರಲಿಲ್ಲ. ಮರಿಗಳಿಗೆ ಇನ್ನೂ ಹತ್ತು ದಿನ, ಒಂದೊಂದೂ ನನ್ನ ಮುಷ್ಟಿಗಿಂತ ಚಿಕ್ಕದು.

"ನೋಡೀಮ್ಮ, ಇವತ್ತೇ ಒಳಗೆ ಬಿಟ್ಬಿಡ್ಬೇಡಿ. ಮಧ್ಯ ತಂತಿಬಲೆ ಕಟ್ಟಿ. ಮೂರು ವಾರ ಅವು ಇವನ್ನ ನೋಡ್ಕೊಂಡಿರ್ಲಿ, ಇವು ಅವನ್ನ ನೋಡ್ಕೊಂಡಿರ್ಲಿ. ಆಮೇಲೆ ಬಾಗಿಲು ತೆಗೆದು, ನೀವು ಅಲ್ಲೇ ಕೂತಿರಿ" ಎಂದು ಕಾಂಪೌಂಡರು ಎರಡೆರಡು ಸಲ ಹೇಳಿದರು.

"ಎಲ್ಲಾ ಕೋಳಿಗಳೇ ಅಲ್ವಾ, ಹೊಂದ್ಕೊಳ್ತವೆ ಬಿಡಿ" ಎಂದೆ ನಾನು.

ಬಲೆಯನ್ನೇನೋ ಕಟ್ಟಿದೆ, ಆದರೆ ಮೂರು ವಾರ ಎಲ್ಲಿಯದು, ಮೂರು ದಿನವೂ ಕಾಯಲಿಲ್ಲ. ಕತ್ತರಿಸುವ ಮುಂಚೆ ಬಟ್ಟೆ ನೆನೆಸಿ ಒಣಹಾಕುತ್ತೇನಲ್ಲ, ಆ ಹಗ್ಗದ ಜಾಗಕ್ಕೇ ತಂತಿಬಲೆ ಅಡ್ಡ ಬಂದಿತ್ತು. ಬಿಚ್ಚಿ ಸುತ್ತಿಟ್ಟು ಒಳಗೆ ಬಂದು ಮೆಷಿನ್ ತುಳಿಯುತ್ತ ಕೂತೆ. ಹತ್ತು ಕಾಲರ್ ಮುಗಿದಿರಲಿಲ್ಲ, ಹಿತ್ತಲಲ್ಲಿ ಒಂದೇ ರಂಪ.

ಯಜಮಾನಿ ಒಂದು ಮರಿಯ ತಲೆ ಹಿಡಿದು ಕುಕ್ಕುತ್ತಿತ್ತು. ತಾಯಿಕೋಳಿ ಯಜಮಾನಿಯ ಅರ್ಧದಷ್ಟೂ ಇಲ್ಲ. ಆದರೂ ಗರಿ ಕೆದರಿಕೊಂಡು ಅದರ ಮೇಲೆ ಹಾರಿ, ಜುಟ್ಟು ಹರಿದು ರಕ್ತ ಸೋರುತ್ತಿದ್ದರೂ ಹಿಂದೆ ಸರಿಯಲಿಲ್ಲ. ನಾನು ಪೊರಕೆ ಹಿಡಿದು ಓಡಿದೆ. ಅಷ್ಟರಲ್ಲಿ ಒಂದು ಮರಿ ನೀರಿನ ಬೋಗುಣಿಯ ಪಕ್ಕ ಸತ್ತು ಬಿದ್ದಿತ್ತು. ಉಳಿದ ಆರು ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲಿ ನಡುಗುತ್ತಿದ್ದವು. ಆಗ ನಾನು ಯಾರನ್ನು ಬೈದೆ ಗೊತ್ತಾ? ತಾಯಿಕೋಳಿಯನ್ನು. "ಬಂದು ಮೂರು ದಿನ ಆಗಿಲ್ಲ, ಆಗ್ಲೇ ಕಾಲು ಕೆರ್ಕೊಂಡು ಜಗಳಕ್ಕೆ ನಿಂತ್ಯಾ?" ಎಂದು ಕೂಗಾಡಿದೆ.

ಕಾಂಪೌಂಡರು ಬಂದು ಅದರ ಜುಟ್ಟಿಗೆ ನೇರಳೆ ಬಣ್ಣದ ಔಷಧಿ ಹಚ್ಚಿದರು. ಸತ್ತ ಮರಿಯನ್ನು ಪೇಪರಿನಲ್ಲಿ ಸುತ್ತಿ ತಾವೇ ಗುಂಡಿ ತೋಡಿದರು. ಹೋಗುವಾಗ ನನ್ನ ಮುಖ ನೋಡದೆ ಹೇಳಿದರು: "ಹೊಂದ್ಕೊಳ್ತವೆ ಅಂದ್ರಿ. ಯಾರು ಹೊಂದ್ಕೋಬೇಕು? ಸಣ್ಣವೇ ತಾನೇ? ದೊಡ್ಡವು ಒಂದು ಹೆಜ್ಜೆ ಹಿಂದೆ ಸರಿಯೋ ಹಾಗೆ ನೀವೇನ್ ಮಾಡಿದ್ರಿ?"

ನಾನು ನಾಚಿಕೆಯಿಂದ ಕುಗ್ಗಿಹೋದೆ. ಕೋಳಿಯ ವಿಷಯಕ್ಕಷ್ಟೇ ಅಲ್ಲ. ನಿನ್ನ ಗಂಡ ವಿಳಾಸವನ್ನೂ ಕೊಡದೆ ಹೊರಟುಹೋಗಿ, ನೀನು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದ ದಿನ ನಿನ್ನ ಭಾವ, "ನಾಲ್ಕು ಜನರ ಮನೇಲಿ ಏಳು ಜನ ಹೇಗೆ?" ಎಂದು ಕೇಳಿದ್ದರು. ಆಗಲೂ ನಾನು ಇದೇ ಮಾತು ಹೇಳಿದ್ದೆ. "ಹೊಂದ್ಕೊಳ್ತಾರೆ ಬಿಡಿ" ಎಂದು.

ನೀನು ಹೊಂದಿಕೊಂಡೆ. ಏಳು ತಿಂಗಳು ಹೊಲಿಗೆ ಕೋಣೆಯಲ್ಲಿ, ಬಟ್ಟೆಯ ಗಂಟುಗಳ ನಡುವೆ ಮಲಗಿದೆ. ನಾವೆಲ್ಲ ಉಂಡೆದ್ದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡಿದೆ. "ಕೂತ್ಕೊಳ್ಳೇ" ಎಂದು ನಾನು ಹೇಳುತ್ತಿದ್ದೆ ನಿಜ, ಆದರೆ ಮೇಜಿಗೆ ಇನ್ನೊಂದು ಕುರ್ಚಿ ತಂದು ಹಾಕಲಿಲ್ಲ. ನನ್ನ ಮಕ್ಕಳು ಟೀವಿ ಜೋರಾಗಿಟ್ಟರೆ ಅದು ಟೀವಿ. ಗುಂಡ ಅತ್ತರೆ ಅದು ಗಲಾಟೆ. ಕೋಳಿಗೂಡು ಮುಚ್ಚುವುದು, ಚಪ್ಪಲಿ ಜೋಡಿಸುವುದು, ಅಂಗಡಿಗೆ ಓಡುವುದು, ಎಲ್ಲ ಎಂಟು ವರ್ಷದ ಚೂಟಿಯ ತಲೆಗೆ ಬಂತು. ನಾನು ಎಲ್ಲವನ್ನೂ ನೋಡುತ್ತಿದ್ದೆ ಕಣೇ. ಮೆಷಿನ್ ಮುಂದೆ ತಲೆ ಬಗ್ಗಿಸಿ ಕೂತವಳಿಗೆ ಏನೂ ಕಾಣುವುದಿಲ್ಲ ಎಂದು ನೀವು ಅಂದುಕೊಂಡಿದ್ದಿರಿ.

ಕೋಳಿಗಳ ಕಥೆ ಪೂರ್ತಿ ಹೇಳಿಬಿಡುತ್ತೇನೆ. ನಿನ್ನ ಭಾವ ಮಂಡಿಗೆ ಪಟ್ಟಿ ಕಟ್ಟಿಕೊಂಡು, ಬಸ್ ಡಿಪೋದಲ್ಲಿ ರಿಪೇರಿ ಮಾಡುತ್ತಿದ್ದ ಕಾಲದ ಇಕ್ಕಳ ಹುಡುಕಿ ತೆಗೆದು, ಹೊಸದಾಗಿ ತಂತಿಬಲೆ ಕಟ್ಟಿದರು. ಎರಡೂ ಕಡೆ ಬೇರೆಬೇರೆ ಕಾಳಿನ ತಟ್ಟೆ, ಬೇರೆಬೇರೆ ನೀರು. ಒಂದು ಹಲಗೆಯನ್ನು ನಾಲ್ಕು ಇಟ್ಟಿಗೆಯ ಮೇಲೆ ತಗ್ಗಾಗಿ ಇಟ್ಟರು. ಮರಿಗಳು ಅದರಡಿ ನುಗ್ಗಬಹುದು, ದೊಡ್ಡವಕ್ಕೆ ತಲೆ ತೂರಿಸಲೂ ಆಗದು. ಮೂರು ವಾರ ದಿನಾ ನೋಡಿದೆ. ಮೊದಲು ಯಜಮಾನಿ ತಂತಿಯನ್ನೇ ಕುಕ್ಕುತ್ತಿತ್ತು. ಆಮೇಲೆ ಬರೀ ದುರುಗುಟ್ಟಿ ನೋಡುತ್ತಿತ್ತು. ಒಂದು ದಿನ ನೋಡುತ್ತೇನೆ, ಈ ಕಡೆ ಅದು, ಆ ಕಡೆ ತಾಯಿಕೋಳಿ, ಬಲೆಗೆ ಬೆನ್ನು ತಾಗಿಸಿ ಬಿಸಿಲು ಕಾಯಿಸುತ್ತಿವೆ.

ಬಾಗಿಲು ತೆಗೆದ ಸಂಜೆ ಹೊಲಿಗೆ ನಿಲ್ಲಿಸಿ, ಕಾಳು ದೂರದೂರ ಎರಚಿ, ಸ್ಟೂಲ್ ಹಾಕಿಕೊಂಡು ಒಂದೂವರೆ ಗಂಟೆ ಕೂತೆ. ಯಜಮಾನಿ ಒಮ್ಮೆ ಕುತ್ತಿಗೆ ಚಾಚಿತು. ತಾಯಿಕೋಳಿ ನಡುವೆ ಬಂದು ನಿಂತಿತು. ಅಷ್ಟೇ, ಮುಗಿಯಿತು. ಈಗ ಆರು ಮರಿಗಳೂ ಯಜಮಾನಿಯ ಕಾಲಡಿಯಲ್ಲೇ ಕೆದಕುತ್ತವೆ. ಒಂದು ಬಲೆ, ಒಂದು ಹಲಗೆ, ಇನ್ನೊಂದು ತಟ್ಟೆ. ಕೋಳಿಗೆ ಮಾಡಿದ ಇಷ್ಟನ್ನು ಒಡಹುಟ್ಟಿದವಳಿಗೆ ಮಾಡಲಿಲ್ಲವಲ್ಲ ಎಂದು ಆ ಸ್ಟೂಲಿನ ಮೇಲೆ ಕೂತು ಅತ್ತೆ.

ಬುಧವಾರ

ಭಾನುವಾರ ಅಷ್ಟಕ್ಕೇ ನಿಲ್ಲಿಸಿದೆ. ನಿನ್ನ ಕೊನೆಯ ಕಾಗದವನ್ನು ಮತ್ತೆ ಓದಿದೆ. ರಜೆಗೆ ಬನ್ನಿ ಎಂದು ನಿನ್ನ ಭಾವ ಫೋನಿನಲ್ಲಿ ಕರೆದಿದ್ದಕ್ಕೆ ನೀನು ಬರೆದಿದ್ದೀಯ: "ಗುಂಡ ಕುಣೀತಿದಾನೆ. ಚೂಟಿ ಮಾತ್ರ ನಾನು ಬರಲ್ಲ ಅಂತ ಹಟ ಹಿಡಿದಿದಾಳೆ." ಅದರ ಕೆಳಗೇ ತಮಾಷೆಯ ಹಾಗೆ ಇನ್ನೊಂದು ಮಾತು: "ಮಲಗೋ ಮುಂಚೆ ಬಾಗಿಲ ಚಿಲಕ ಮೂರು ಸಲ ಎದ್ದು ನೋಡ್ತಾಳೆ ಅಕ್ಕ, ಮುದುಕಿ ಥರ." ನಿನಗೆ ನಗು ಬಂತು. ನನಗೆ ಬರಲಿಲ್ಲ.

ನೀವು ಇಲ್ಲಿದ್ದಾಗಿನ ಆ ಬೆಳಿಗ್ಗೆಯ ವಿಷಯ ನಾವಿಬ್ಬರೂ ಎತ್ತಿಯೇ ಇಲ್ಲ. ಗೂಡಿನ ಬಾಗಿಲು ತೆರೆದಿತ್ತು, ಬೀದಿನಾಯಿ ನುಗ್ಗಿ ಮೂರು ಕೋಳಿ ಕೊಂದಿತ್ತು, ಹಿತ್ತಲ ತುಂಬ ಪುಕ್ಕ. "ನಿನ್ನೆ ಗೂಡು ಮುಚ್ಚಿದ್ದು ಯಾರು?" ಎಂದು ನಿನ್ನ ಭಾವ ಗುಡುಗಿದರು. ಚೂಟಿ ನನ್ನ ಮುಖವನ್ನೇ ನೋಡಿ, "ದೊಡ್ಡಮ್ಮಾ, ನಾನು ಚಿಲಕ ಹಾಕಿದ್ದೆ" ಎಂದಳು. ನಾನು, "ಸರಿಯಾಗಿ ನೆನಪು ಮಾಡ್ಕೋ" ಎಂದೆ. ಆಗ ನೀನು ಅವಳ ಕೆನ್ನೆಗೆ ಹೊಡೆದೆ. ಕೋಪಕ್ಕಲ್ಲ ಅಂತ ನನಗೆ ಗೊತ್ತು. ಇನ್ನೊಬ್ಬರ ಸೂರಿನ ಕೆಳಗಿದ್ದವಳು ನೀನು, ನಮಗೆ ಸಮಾಧಾನವಾಗಲಿ ಎಂದು ಹೊಡೆದೆ. ಕೋಳಿ ತನ್ನ ಮರಿಗಾಗಿ ಮೇಲೆ ಬಿದ್ದು ಕಾದಾಡಿತು; ನಿನಗೆ ಅಷ್ಟು ಧೈರ್ಯ ಬರುವಷ್ಟು ಜಾಗವನ್ನು ನಾನು ನನ್ನ ಮನೆಯಲ್ಲಿ ಕೊಟ್ಟಿರಲಿಲ್ಲ. ಮುಂದಿನ ಶನಿವಾರ ನೀನು ಗಂಟುಮೂಟೆ ಕಟ್ಟಿದೆ. ನಾನು ತಡೆಯಲಿಲ್ಲ.

ಚಡ್ಡಿಗಳ ಜೊತೆ ಚೂಟಿಗೆ ಒಂದು ಲಂಗ ಕಳಿಸುತ್ತಿದ್ದೇನೆ. ಎರಡೂ ಕಡೆ ಜೇಬು ಇಟ್ಟಿದ್ದೇನೆ, ಅವಳು ಆಗ ಕೇಳಿದ್ದಳು. ಮೇಜಿಗೆ ಮೂರು ಕುರ್ಚಿ ತಂದಿದ್ದೇವೆ. ಬಂದರೂ, ಬರದಿದ್ದರೂ ಅವು ನಿಮ್ಮವೇ. ನೀನು ನೂರು ಕಾಲ ಚೆನ್ನಾಗಿರು. ಮಕ್ಕಳು ಯಾರ ಮುಂದೂ ತಲೆ ತಗ್ಗಿಸದೆ ಬೆಳೆಯಲಿ.

ಇಂತಿ,
ನಿನ್ನ ಅಕ್ಕ

ತಾ. ಕ.: ಮಡಿಸಿ ಕವರಿಗೆ ಹಾಕಿದ್ದೆ, ಮತ್ತೆ ತೆಗೆದಿದ್ದೇನೆ. ಇದನ್ನು ಬರೆಯದಿದ್ದರೆ ಮೇಲೆ ಬರೆದದ್ದೆಲ್ಲ ಬರೀ ಬೂಟಾಟಿಕೆ.

ನಾಯಿ ನುಗ್ಗಿದ ಹಿಂದಿನ ಸಂಜೆ ಚೂಟಿ ಗೂಡು ಮುಚ್ಚಿ ಬಂದ ಮೇಲೆ ನಾನು ಹೋಗಿದ್ದೆ. ಶಾಲೆಯ ಹೆಡ್‌ಮೇಡಂ ಮೊಟ್ಟೆಗೆ ಹೇಳಿ ಕಳಿಸಿದ್ದರು. ಚಿಲಕ ತೆಗೆದು ಎರಡೂ ಕೈ ತುಂಬ ಮೊಟ್ಟೆ ಹಿಡಿದುಕೊಂಡೆ. ಅಷ್ಟರಲ್ಲಿ ಒಳಗೆ ಇಸ್ತ್ರಿಪೆಟ್ಟಿಗೆಯ ಅಡಿ ಅಂಗಿ ಸುಟ್ಟ ವಾಸನೆ ಬಂತು. ಮೊಣಕೈಯಲ್ಲಿ ಬಾಗಿಲು ದೂಡಿ ಓಡಿದೆ. ಮತ್ತೆ ಹೋಗಿ ಚಿಲಕ ಹಾಕಲಿಲ್ಲ. ಬೆಳಿಗ್ಗೆ ಪುಕ್ಕ ಕಂಡ ಕೂಡಲೇ ನನಗೆ ಎಲ್ಲ ನೆನಪಾಯಿತು. ನೆನಪಾದ ಮೇಲೆಯೇ ಆ ಮಗುವಿಗೆ, "ಸರಿಯಾಗಿ ನೆನಪು ಮಾಡ್ಕೋ" ಎಂದದ್ದು. ನೀನು ಕೈ ಎತ್ತಿದಾಗಲೂ ಗೊತ್ತಿದ್ದೇ ಸುಮ್ಮನಿದ್ದೆ. ನಿನ್ನ ಭಾವನಿಗೆ ಇವತ್ತು ಹೇಳಿದೆ. ಅವರು, "ಮೊದ್ಲು ಆ ಮಗೂಗೆ ಬರಿ" ಎಂದರು.

ನೀನು ನನ್ನನ್ನು ಕ್ಷಮಿಸುವುದು, ಬಿಡುವುದು ಆಮೇಲಿನ ಮಾತು. ಮುಂದಿನ ಸಾಲುಗಳನ್ನು ಅವಳನ್ನು ಹತ್ತಿರ ಕೂರಿಸಿಕೊಂಡು ಗಟ್ಟಿಯಾಗಿ ಓದು.

ಚೂಟೀ, ನೀನು ಚಿಲಕ ಹಾಕಿದ್ದೆ. ತೆಗೆದವಳು ದೊಡ್ಡಮ್ಮ. ನಿನಗೆ ನೆನಪಿರುವುದೇ ಸರಿ. ಇನ್ನು ಎದ್ದೆದ್ದು ನೋಡಬೇಡ ಮಗಳೇ, ನೀನು ಒಂದು ಸಲ ಹಾಕಿದರೆ ಸಾಕು.