ಕಂಪ್ಲೈ ಅಂದರೆ

ಮಾರ್ಚ್ ೧೧, ಸೋಮವಾರ.

ಇಂದು ಉಪವಾಸ. ಕಸ ಗುಡಿಸಿ, ಬಟ್ಟೆ ಒಗೆದು, ದೇವರಿಗೆ ಕೈಮುಗಿದು ಆಸ್ಪತ್ರೆಯ ಆಯಾ ಕೆಲಸಕ್ಕೆ ಹೋದೆ. ಹೋದ ಕೂಡಲೇ ನೋಟಿಸ್ ಕೊಟ್ಟರು. ಮೊನ್ನೆ ಭೇಟಿಯ ವೇಳೆ ಮುಗಿದ ಮೇಲೆ, ಸಾಯುತ್ತಿದ್ದ ಅಜ್ಜಿಯೊಬ್ಬರ ತಂಗಿಯನ್ನು ವಾರ್ಡಿನೊಳಗೆ ಬಿಟ್ಟಿದ್ದೆ. ಇನ್ನು ಮುಂದೆ ನಿಯಮಗಳಿಗೆ ‘ಕಂಪ್ಲೈ’ ಮಾಡುತ್ತೇನೆಂದು ಬರೆದುಕೊಡಬೇಕಂತೆ, ಇಲ್ಲವಾದರೆ ಕೆಲಸವಿಲ್ಲ.

“ಹಾಗಂದ್ರೇನೇ?” ಎಂದು ಮನೆಗೆ ಬಂದು ಮಗಳನ್ನು ಕೇಳಿದೆ.

“ಮನಸ್ಸು ಒಪ್ಪದಿದ್ರೂ ಹೇಳಿದ ಹಾಗೆ ನಡ್ಕೊಳ್ಳೋದಮ್ಮ. ಅಪ್ಪನ ಹತ್ರ ಮೂವತ್ತು ವರ್ಷ ಮಾಡಿದ್ಯಲ್ಲ, ಅದೇ!”

ನಕ್ಕೆ. ನಕ್ಕು ಮುಗಿಯುವಷ್ಟರಲ್ಲಿ ಸುಸ್ತಾಯಿತು.

ದೇವರ ಮುಂದೆ ಕೂತು ಸುಳ್ಳು ಹೇಗೆ ಬರೆಯಲಿ? ಉಳಿದೆಲ್ಲಕ್ಕೂ ಕಂಪ್ಲೈ ಮಾಡುತ್ತೇನೆ, ಸಾಯುವವರ ಬಳಿಗೆ ಬಂದವರನ್ನು ಮಾತ್ರ ತಡೆಯಲಾರೆ ಎಂದು ಬರೆದು ಮಡಚಿಟ್ಟಿದ್ದೇನೆ. ನಮ್ಮ ಆಸ್ಪತ್ರೆಯಲ್ಲೇ ವಾಚ್‌ಮನ್ ಆಗಿರುವ ಪಕ್ಕದ ಮನೆಯ ಅಣ್ಣ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಬಂದು ಈ ಕಾಗದ ಒಯ್ಯಲಿ, ದೇವರೇ. ನಾನೇ ಹಿಡಿದುಕೊಂಡು ಹೋದರೆ ದಾರಿಯಲ್ಲೇ ಹರಿದುಬಿಟ್ಟೇನು.