ಅಗೆಲಿನ ಎಲೆಯ ಪಕ್ಕ ಒಂದು ಕೀಬೋರ್ಡು

ಪ್ರೀತಿಯ ಮಾವಾ,

ನಾಚಿಕೆಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ; ಪೀಠಿಕೆ ಹಾಕುವವರನ್ನು ನೀವು ಯಾವತ್ತೂ ಸಹಿಸಿದವರಲ್ಲ. ನಿಮ್ಮ ಉತ್ತರಕ್ರಿಯೆಯ ಬೆಳಿಗ್ಗೆ, ನೆಂಟರೆಲ್ಲ ಬರುವ ಮೊದಲು, ನಿಮ್ಮ ಕಂಪ್ಯೂಟರಿನ ಮೇಲೆ ಬೆಡ್‌ಶೀಟು ಹೊದಿಸಿದವಳು ನಿಮ್ಮ ಸೊಸೆಯಾದ ನಾನೇ. ಧೂಳು ಬೀಳಬಾರದು ಎಂದಲ್ಲ. "ಇದೆಂತದು, ಮಾಷ್ಟ್ರು ಈ ಪ್ರಾಯದಲ್ಲಿ ಗೇಮ್ ಆಡ್ತಾ ಇದ್ರಾ?" ಎಂದು ಯಾರಾದರೂ ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆ. ನಾನು ಬೇರೆ ಬೆಳ್ತಂಗಡಿಯಲ್ಲಿ ಕಾಲೇಜು ಮಕ್ಕಳಿಗೆ ಪಾಠ ಹೇಳುವವಳು. ನಿಮ್ಮ ಮರ್ಯಾದೆ ಕಾಪಾಡುತ್ತಿದ್ದೇನೆ ಎಂದುಕೊಂಡೆ. ಕಾಪಾಡಿದ್ದು ಯಾರದ್ದು ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಆ ಯಂತ್ರ ಮೇಲ್ಕಾರಿನ ಮನೆಗೆ ಬಂದ ದಿನ ನೆನಪುಂಟಾ? ನೀವು ಹಿಂದಿ ಮಾಷ್ಟ್ರ ಕೆಲಸದಿಂದ ನಿವೃತ್ತರಾಗಿದ್ದಿರಿ. ಮಂಗಳೂರಿನಲ್ಲಿ ಹಡಗಿನ ಹಳೆಯ ಸಾಮಾನು ಮಾರುವವನ ಹತ್ತಿರ ಜಪಾನಿನ ಹಳೆ ಕಂಪ್ಯೂಟರ್ ಸಿಕ್ಕಿತೆಂದು ರಿಕ್ಷಾದಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿರಿ. ಅತ್ತೆ ಹಣೆ ಹಣೆ ಚಚ್ಚಿಕೊಂಡರು. ಜಪಾನಿನ ಕರೆಂಟಿಗೆ ನಮ್ಮದರ ಅರ್ಧದಷ್ಟೂ ಜೋರಿಲ್ಲ. ನೇರ ನಮ್ಮ ಪ್ಲಗ್ಗಿಗೆ ಹಾಕಿದರೆ ಯಂತ್ರ ಸುಟ್ಟು ಕರಕಲು. ಅದಕ್ಕೆ ವೋಲ್ಟೇಜ್ ಇಳಿಸುವ ಭಾರದ ಪೆಟ್ಟಿಗೆಯೊಂದನ್ನು ತರಿಸಿದಿರಿ. ಯಾರೂ ಮರೆಯದಿರಲಿ ಎಂದು ಅದರ ಮೇಲೆ "ಮೊದಲು ನಾನು" ಎಂದು ಚೀಟಿ ಅಂಟಿಸಿದಿರಿ. ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು, ಪರದೆ ನಿಧಾನಕ್ಕೆ ಬೆಳಗುತ್ತಿತ್ತು, ನೀವು ಹೊಸ ಮದುಮಗನ ಹಾಗೆ ನಗುತ್ತಿದ್ದಿರಿ.

ಅದರ ಜೊತೆ ಬಂದ ಆಟದೊಳಗಿನ ಮಾತೆಲ್ಲ ಜಪಾನಿ ಭಾಷೆಯಲ್ಲಿತ್ತು. ಯಾವುದೋ ದೇಶಗಳ ಅಭಿಮಾನಿಗಳು ಸೇರಿ ಅದನ್ನು ಇಂಗ್ಲಿಷಿಗೆ ತಂದು, ಬೇಕಾದವರು ತೆಗೆದುಕೊಳ್ಳಿ ಎಂದು ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದರು. ನೀವು ಅದನ್ನು ಫ್ಲಾಪಿಗೆ ಇಳಿಸಿ ಆಟಕ್ಕೆ ಸೇರಿಸಿದಿರಿ. "ನೋಡು ಮಾರಾಯ್ತಿ, ಇವರಿಗೆ ಸಂಬಳ ಇಲ್ಲ, ಶಾಲು ಹಾಕಿ ಸನ್ಮಾನ ಮಾಡುವವರೂ ಇಲ್ಲ. ಮೇಲ್ಕಾರಿನ ಒಬ್ಬ ಮುದುಕನಿಗೆ ಕಥೆ ಅರ್ಥ ಆಗ್ಲಿ ಅಂತ ಎಷ್ಟು ಬೆನ್ನು ಬಗ್ಗಿಸಿದ್ದಾರೆ!" ಎನ್ನುತ್ತಿದ್ದಿರಿ. ಜೀವಮಾನವಿಡೀ ಇನ್ನೊಂದು ಭಾಷೆ ಕಲಿಸಿದವರಿಗೆ ಆ ಕಷ್ಟ ಗೊತ್ತಿತ್ತು. ದೋಣಿಯವನ ಮಗಳು ಕಾಣೆಯಾದ ಅಣ್ಣನನ್ನು ಹುಡುಕಿಕೊಂಡು ದ್ವೀಪದಿಂದ ದ್ವೀಪಕ್ಕೆ ಹೋಗುವ ಆ ಕಥೆಯನ್ನು ನೀವು ಓದಿ ಓದಿ ನನಗೆ ತುಳುವಿನಲ್ಲಿ ಹೇಳುತ್ತಿದ್ದಿರಿ. ಆಟ ಮುಗಿದು ಅನುವಾದಕರ ಹೆಸರುಗಳು ಬರುವಾಗ ಆಫ್ ಮಾಡಲು ಬಿಡುತ್ತಿರಲಿಲ್ಲ. ತರಗತಿಯಲ್ಲಿ ಹಾಜರಿ ಕರೆದ ಹಾಗೆ ಒಂದೊಂದನ್ನೂ ಗಟ್ಟಿಯಾಗಿ ಓದುತ್ತಿದ್ದಿರಿ. ಆದರೆ ಅಣ್ಣ ಸಿಗುವುದು ಎರಡನೇ ಭಾಗದಲ್ಲಿ, ಅದಿನ್ನೂ ಇಂಗ್ಲಿಷಿಗೆ ಬಂದಿರಲಿಲ್ಲ. "ಬರ್ತದೆ, ಕಾಯುವ" ಎಂದಿರಿ. ಕಾದಿರಿ.

ಗೇಟಿನ ಶಬ್ದವೊಂದು ನನ್ನ ತಲೆಯಿಂದ ಹೋಗುವುದೇ ಇಲ್ಲ ಮಾವ. ನಿಮಗೆ ಕಿವಿ ಮಂದವಾದ ಮೇಲೆ ಆಟದ ಸಂಗೀತವನ್ನು ಜೋರಾಗಿ ಇಡಬೇಕಿತ್ತು. ಗೇಟು ಕಿರ್ರೆಂದರೆ ಸಾಕು, ನನ್ನ ಕೈ ತಾನಾಗಿ ಸ್ಪೀಕರಿನ ತಿರುಗುಣಿಗೆ ಹೋಗುತ್ತಿತ್ತು. ಬಂದವರು ಜಗಲಿಯಲ್ಲಿ ಕುಳಿತು ಚಾ ಕುಡಿದು ಹೋಗುವವರೆಗೆ ಶಬ್ದ ಸಣ್ಣಗೆ. ನೀವು ಪರದೆ ನೋಡುತ್ತಾ ತಲೆಯಾಡಿಸುತ್ತಿದ್ದಿರಿ. ನಿಮಗೆ ಗೊತ್ತಾಗಿರಲಿಲ್ಲ ಎಂದೇ ನಾನು...

ಉತ್ತರಕ್ರಿಯೆಯ ದಿನ ಅಡುಗೆಯವರು ಒದ್ದೆ ಬಾಳೆಲೆಯ ಕಟ್ಟನ್ನು ತಂದು, ಮೇಜೆಂದು ತಿಳಿದು, ಆ ಬೆಡ್‌ಶೀಟಿನ ಮೇಲೆಯೇ ಇಟ್ಟರು. ನಾನು ನೋಡಿದೆ. ನೀರು ಇಳಿಯುವುದೂ ಕಂಡಿತು. ಅದನ್ನು ತೆಗೆಯಿರಿ ಎಂದರೆ ಅಡಿಯಲ್ಲಿ ಏನುಂಟು ಎಂದು ಹೇಳಬೇಕು. ಬಾಯಿ ಬಿಡಲಿಲ್ಲ. ಆಮೇಲೆ ಮೈಕ್ ಹಿಡಿದು ನಿಮ್ಮ ಬಗ್ಗೆ ಮಾತಾಡಿದೆ: ನಿಮ್ಮ ಹಿಂದಿ, ನಿಮ್ಮ ಶಿಸ್ತು, ಭಜನೆ, ಪೊಳಲಿ ದೇವಸ್ಥಾನಕ್ಕೆ ತಪ್ಪದೆ ಹೋಗುತ್ತಿದ್ದುದು. ಎಲ್ಲರೂ ತಲೆದೂಗಿದರು. ನೀವು ಅತ್ಯಂತ ಸಂತೋಷವಾಗಿ ಇರುತ್ತಿದ್ದ ಜಾಗದ ಮೇಲೆ ಬಾಳೆಲೆ ನೀರು ಸುರಿಸುತ್ತಾ ಕೂತಿತ್ತು. ಥೂ, ನನ್ನ ಜನ್ಮಕ್ಕೆ!

ಕೀಬೋರ್ಡು ಕೆಟ್ಟಿತ್ತು. ಅದೃಷ್ಟಕ್ಕೆ ಉಳಿದದ್ದಕ್ಕೆ ಏನೂ ಆಗಿರಲಿಲ್ಲ. ಮಳೆ ಸುರಿಯುವ ಆಟಿ ತಿಂಗಳು, ಹೊರಗೆ ಬಿಸಿಲಿನ ಸುಳಿವಿಲ್ಲ. ಕೀಲಿಗಳನ್ನು ಒಂದೊಂದಾಗಿ ಕಿತ್ತು ತೊಳೆದು, ಒದ್ದೆ ಮೊಬೈಲಿಗೆ ಮಾಡುವ ಹಾಗೆ, ಅತ್ತೆಗೆ ಹೇಳದೆ ಕುಚ್ಚಲಕ್ಕಿಯ ಡಬ್ಬಿಯಲ್ಲಿ ಹೂತಿಟ್ಟೆ. ಮರುದಿನ ಮಧ್ಯಾಹ್ನದ ಅಕ್ಕಿ ತೊಳೆಯುವಾಗ ಅತ್ತೆಯ ಕೈಗೆ ಒಂದು ಸಿಕ್ಕಿತು.

"ಇದೆಂತ ಮಾರಾಯ್ತಿ, ಅಕ್ಕಿಯಲ್ಲಿ ಹಲ್ಲು ಸಿಕ್ಕಿದ ಹಾಗೆ?"

"ಕ್ಯಾಲ್ಕುಲೇಟರಿದ್ದು ಅತ್ತೆ, ನನ್ನದು."

"ಕ್ಯಾಲ್ಕುಲೇಟರಿಗೆ ಜಪಾನಿನ ಅಕ್ಷರ ಯಾಕೆ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಸ್ಥಿತಿ ನನ್ನದು. ಅತ್ತೆ ಬೈಯಲಿಲ್ಲ. ಕೀಲಿಯನ್ನು ಸೆರಗಿನಲ್ಲಿ ಒರೆಸಿ ನನ್ನ ಅಂಗೈಯಲ್ಲಿಟ್ಟು, "ಅಗೆಲಿನ ಮೊದಲು ಸರಿ ಮಾಡು" ಎಂದರು, ಅಷ್ಟೆ.

ಆಗ ನನಗೆ ಅರ್ಥವಾಯಿತು. ಅಗೆಲೆಂದು ತೀರಿಹೋದವರಿಗೆ ಆಟಿಯಲ್ಲಿ ಎಲೆ ಹಾಕಿ ಬಡಿಸುವಾಗ ಅವರಿಗೆ ಇಷ್ಟವಾದದ್ದನ್ನೆಲ್ಲ ಇಡುತ್ತೇವಲ್ಲ. ಕುಡಿದು ಕುಡಿದೇ ಹೋದ ದೊಡ್ಡಮಾವನ ಎಲೆಯ ಪಕ್ಕ ಪ್ರತಿ ವರ್ಷ ಬಾಟ್ಲಿ ಇಡಲು ಯಾರಿಗೂ ನಾಚಿಕೆಯಿಲ್ಲ. ಅಜ್ಜನಿಗೆ ಬೀಡಿ. ಹಾಗಿದ್ದರೆ ನಿಮ್ಮ ಎಲೆಯ ಪಕ್ಕ ಏನು? ಕೋಳಿ ಸುಕ್ಕ ಇಟ್ಟು ಕೈ ತೊಳೆದುಕೊಳ್ಳುವುದಾ?

ನಿನ್ನೆ ನಿಮಗೆ ಮೊದಲ ಅಗೆಲು. ಯಂತ್ರವನ್ನು ನಾನು ಒಳಕೋಣೆಗೆ ಹೊತ್ತೆ; "ಮೊದಲು ನಾನು" ಪೆಟ್ಟಿಗೆಯನ್ನು ಅತ್ತೆಯೇ ಎತ್ತಿಕೊಂಡು ಬಂದರು. ನಿಮ್ಮ ಎಲೆಯ ಬಲಕ್ಕೆ, ಒಣಗಿ ಮತ್ತೆ ಸರಿಯಾದ ಕೀಬೋರ್ಡು. ಮೂಡುಬಿದಿರೆಯ ಭಾವ ಬಾಗಿಲಲ್ಲಿ ಇಣುಕಿ, "ಅಗೆಲಿಗೆ ಕಂಪ್ಯೂಟರಾ? ಒಳ್ಳೆ ಕಥೆ!" ಎಂದು ನಕ್ಕರು. ನನ್ನ ಮುಖಕ್ಕೆಲ್ಲ ರಕ್ತ ನುಗ್ಗಿತು. "ಮಾವ ಗೇಮ್ ಆಡ್ತಿದ್ರು ಭಾವ. ನಾನೂ ಆಡ್ತೇನೆ" ಎಂದೆ. ಆಟದ ಮೊದಲ ದೃಶ್ಯವನ್ನು, ಸಂಗೀತವನ್ನು ಹಾಕಿಟ್ಟು ನೀವು ಬಂದು ಉಣ್ಣಲೆಂದು ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.

ಜಗಲಿಯಲ್ಲಿ ಮಳೆಯ ಸದ್ದು ಮಾತ್ರ. ಅತ್ತೆ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದವರು ನನ್ನ ಕಡೆ ತಿರುಗಿದರು.

"ಎಂತದ್ದೂ ಕೇಳುವುದಿಲ್ಲ. ಇವತ್ತೂ ಸಣ್ಣಗೆ ಇಟ್ಟಿದ್ದೀಯಾ?"

ಇಟ್ಟಿದ್ದೆ ಮಾವ. ನೆಂಟರಿದ್ದರಲ್ಲ, ಕೈ ತಾನಾಗಿ ಹೋಗಿತ್ತು.

"ಜನ ಬಂದಾಗ ನೀನು ಕಮ್ಮಿ ಮಾಡುವುದು ಅವರಿಗೆ ಗೊತ್ತಿತ್ತು. ಹುಡುಗಿಗೆ ನಾಚಿಕೆ ಆಗ್ತದೆ, ಇರ್ಲಿ ಅಂತ ಕೇಳಿದ ಹಾಗೆ ಕೂರ್ತಿದ್ರು. ಹೋಗು, ಜೋರು ಮಾಡಿ ಬಾ."

"ಬಡಿಸಿದ ಮೇಲೆ ಬಾಗಿಲು ತೆಗೀಬಾರ್ದಲ್ವಾ ಅತ್ತೆ?"

"ಒಳಗೆ ಕೂತಿರುವುದು ಬೇರೆ ಯಾರು? ನಿನ್ನ ಮಾವನೇ ಅಲ್ವಾ."

ಕೆಮ್ಮಿ, ಬಾಗಿಲು ತಳ್ಳಿ, ನೆಲ ನೋಡುತ್ತಲೇ ಒಳಗೆ ಬಂದೆ. ನಿಮ್ಮ ಮುಖ ನೋಡುವ ಧೈರ್ಯ ನನಗೆಲ್ಲಿಂದ ಬರಬೇಕು! ನಿಮಗೆ ತಲುಪದ ಸುದ್ದಿಯೊಂದುಂಟು: ಎರಡನೇ ಭಾಗ ಬಂದಿದೆ. ಅವರು ಕೊನೆಗೂ ಮುಗಿಸಿದರು. ನಿನ್ನೆ ಪರದೆಯಲ್ಲಿ ಇದ್ದದ್ದು ಅದೇ. ಅಣ್ಣ ಸಿಗುತ್ತಾನೋ ಎಂದು ನಾನಿನ್ನೂ ನೋಡಿಲ್ಲ. ಅತ್ತೆಯನ್ನು ಪಕ್ಕ ಕೂರಿಸಿಕೊಂಡು ತುಳುವಿನಲ್ಲಿ ಓದಿ ಹೇಳುತ್ತೇನೆ, ಕೊನೆಯ ಹೆಸರಿನವರೆಗೂ.

ತಿರುಗುಣಿಯನ್ನು ಅದು ಹೋಗುವಷ್ಟು ದೂರ ತಿರುಗಿಸಿ ಬಂದೆ. ಜಗಲಿಯಲ್ಲಿದ್ದವರೆಲ್ಲ ಬೆಚ್ಚಿಬಿದ್ದರು, ಗೇಟಿನಾಚೆ ರಸ್ತೆಯವರೂ ತಿರುಗಿ ನೋಡಿದರು.

ಮಾವಾ, ಕೇಳಿತಾ?